ರಿನ್ಯೂವಲ್ ದಿನದ ಲೆಕ್ಕ: ಟೊರಾಂಟೊ ಸುತ್ತ ಮನೆ ಹುಡುಕುತ್ತಿರುವ ಹೊಸಬರಿಗೆ

"ಈಗಲೇ ಮನೆ ತಗೊಳ್ಳೋದಾ, ಬಡ್ಡಿ ಇನ್ನೂ ಇಳಿಯೋವರೆಗೆ ಕಾಯೋದಾ?" ಮಿಸ್ಸಿಸಾಗಾ, ಬ್ರಾಂಪ್ಟನ್, ಮಿಲ್ಟನ್ ಕಡೆ ಹೊಸದಾಗಿ ಬಂದ ನಮ್ಮವರು ಯುಗಾದಿ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಾಗಲೂ ಇದನ್ನೇ ಕೇಳುತ್ತಾರೆ. ನಾನು ಈ ದೇಶಕ್ಕೆ ಬಂದು ಹನ್ನೊಂದು ವರ್ಷವಾಯಿತು. ಮನೆ ತಗೊಂಡದ್ದು 2022ರಲ್ಲಿ. ಇಲ್ಲಿ ಸಾಲದ ಒಪ್ಪಂದ ಕೆಲವು ವರ್ಷಕ್ಕೊಮ್ಮೆ ಮುಗಿದು ಹೊಸ ದರಕ್ಕೆ ಮತ್ತೆ ಸಹಿ ಹಾಕಬೇಕು, ಅದೇ ರಿನ್ಯೂವಲ್. ಬಡ್ಡಿ ಎತ್ತ ಹೋಗುತ್ತದೆ ಎಂದು ನಾನು ಹೇಳಲಾರೆ. ಅದು ಗೊತ್ತಿದೆ ಎಂದುಕೊಂಡು ಸಹಿ ಹಾಕಿದರೆ ಏನಾಗುತ್ತದೆ ಎಂಬುದನ್ನು ಮಾತ್ರ ಚೆನ್ನಾಗಿ ಬಲ್ಲೆ.

ಆಗ ಇಲ್ಲಿನ ಕೇಂದ್ರ ಬ್ಯಾಂಕಾದ ಬ್ಯಾಂಕ್ ಆಫ್ ಕೆನಡಾದ ದರ ಶೇ. 0.25. 2020ರ ಮಾರ್ಚಿನಿಂದ ಅಲ್ಲೇ ಕೂತಿತ್ತು. ಅಲುಗುವುದೇ ಇಲ್ಲ ಎಂದು ಆಫೀಸಿನಲ್ಲಿ, ವಾಟ್ಸ್‌ಆಪ್ ಗುಂಪಿನಲ್ಲಿ, ದೇವಸ್ಥಾನದ ಪಾರ್ಕಿಂಗಿನಲ್ಲಿ ಎಲ್ಲರದ್ದೂ ಒಂದೇ ಮಾತು. ಬಾಡಿಗೆ ಕಟ್ಟುವ ದುಡ್ಡು ನೀರಿಗೆ ಹಾಕಿದ ಹಾಗೆ ಎಂಬ ಊರಿನ ಮಾತು ನನ್ನ ತಲೆಯಲ್ಲಿ ಮೊದಲೇ ಇತ್ತು. ಪ್ರತಿ ಭಾನುವಾರ ಅಮ್ಮ ಫೋನಿನಲ್ಲಿ "ಇನ್ನೂ ಬಾಡಿಗೆ ಮನೆಯಲ್ಲೇ ಇದ್ದೀರಾ?" ಅನ್ನುತ್ತಿದ್ದರು. 2022ರ ಜನವರಿಯಲ್ಲಿ ಮಿಲ್ಟನ್‌ನ ಒಂದು ಟೌನ್‌ಹೌಸಿಗೆ 8,49,000 ಡಾಲರ್ ಬೆಲೆ ಹಾಕಿದ್ದರು. ರಾತ್ರಿ ಎಂಟೂವರೆಗೆ ಏಜೆಂಟ್ ಫೋನ್ ಮಾಡಿ, ಹದಿನಾರು ಜನ ಬಿಡ್ ಹಾಕಿದ್ದಾರೆ, ಇನ್ನು ಇಪ್ಪತ್ತು ನಿಮಿಷದಲ್ಲಿ ಕೊನೆಯ ಮೊತ್ತ ಹೇಳಿ ಎಂದರು. ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿತ್ತು. ನಾನೂ ನನ್ನ ಹೆಂಡತಿಯೂ ಮುಖ ಮುಖ ನೋಡಿಕೊಂಡೆವು. 10,05,000 ಅಂದೆ. ಸಾಲ ಸಿಗದಿದ್ದರೆ ಹಿಂದೆ ಸರಿಯುವ ಕಂಡೀಷನ್ ಇಲ್ಲ, ಇನ್‌ಸ್ಪೆಕ್ಷನ್ ಇಲ್ಲ. ಊರಿನಲ್ಲಿ ಒಂದು ಸೀರೆ ಕೊಳ್ಳಬೇಕಾದರೂ ಸೆರಗು ಬಿಡಿಸಿ ನೋಡುವವರು ನಾವು. ಅಂದು ಮೂವತ್ತು ವರ್ಷದ ದುಡಿಮೆಯನ್ನು ಇಪ್ಪತ್ತು ನಿಮಿಷದಲ್ಲಿ ಬರೆದುಕೊಟ್ಟೆವು.

ಫೆಬ್ರವರಿ ಕೊನೆಗೆ ಕೀಲಿಕೈ ಕೈಗೆ ಬಂತು. ಮಾರ್ಚ್ 2ರಂದು ಮೊದಲ ಏರಿಕೆ. ಅಲ್ಲಿಂದ 2023ರ ಜುಲೈವರೆಗೆ ಹತ್ತು ಸಲ ಏರಿಸಿ ದರವನ್ನು ಶೇ. 5ಕ್ಕೆ ಒಯ್ದರು.

ನನ್ನದು ವೇರಿಯಬಲ್ ಸಾಲ (ಕೇಂದ್ರ ಬ್ಯಾಂಕಿನ ದರದ ಜೊತೆ ಬಡ್ಡಿ ಏರಿಳಿಯುವಂಥದ್ದು), 8 ಲಕ್ಷ ಡಾಲರ್, ಮೂವತ್ತು ವರ್ಷಕ್ಕೆ, ಶುರುವಿನಲ್ಲಿ ಶೇ. 1.45. ಐದು ವರ್ಷ ದರ ಬದಲಾಗದ ಫಿಕ್ಸೆಡ್ ಸಾಲ ಆಗ 3ರ ಆಸುಪಾಸಿನಲ್ಲಿತ್ತು. ಅದು ದುಬಾರಿ ಅನ್ನಿಸಿತ್ತು. ತಿಂಗಳಿಗೆ 2,742 ಡಾಲರ್ ಕಂತು, ದರ ಏರಿದರೂ ಕಂತು ಏರುವುದಿಲ್ಲ ಎಂದು ಹೇಳಿದ್ದರು. ಅದು ನಿಜವೇ ಆಗಿತ್ತು. ಕಂತು ಏರದಿದ್ದರೆ ಒಳಗೆ ಏನು ಬದಲಾಗುತ್ತದೆ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಮೊದಲ ತಿಂಗಳು ಆ 2,742ರಲ್ಲಿ ಸುಮಾರು 1,775 ಅಸಲಿಗೆ ಹೋಗಿತ್ತು. ಸೆಪ್ಟೆಂಬರಿನ ಏರಿಕೆಯಾದ ಮೇಲೆ ಒಂದು ಬೆಳಗ್ಗೆ, ಗೋ ರೈಲಿನಲ್ಲಿ ಕೂತು ಫೋನಿನಲ್ಲಿ ಸಾಲದ ಖಾತೆ ತೆರೆದೆ. ಬಾಕಿ ಹಿಂದಿನ ತಿಂಗಳಿಗಿಂತ ಹೆಚ್ಚಿತ್ತು. ತಪ್ಪು ನೋಡಿದೆನೇನೋ ಎಂದು ಮುಚ್ಚಿ ಮತ್ತೆ ತೆರೆದೆ. ಪೂರಾ ಕಂತು ಕಟ್ಟಿದ್ದೇನೆ, ಸಾಲ ಬೆಳೆದಿದೆ. ಬಡ್ಡಿಯೇ 2,900 ದಾಟಿತ್ತು. ಕಂತಿಗೆ ಮೀರಿದ ಬಡ್ಡಿ ಅಸಲಿಗೆ ಸೇರುತ್ತಿತ್ತು. ಕಂತೆಲ್ಲ ಬಡ್ಡಿಗೇ ಹೋಗಿಬಿಡುವ ದರಕ್ಕೆ ಇಲ್ಲಿ ಟ್ರಿಗರ್ ರೇಟ್ ಅನ್ನುತ್ತಾರೆ. ಆ ಮಾತು ನನ್ನ ಕಿವಿಗೆ ಮೊದಲು ಬಿದ್ದದ್ದು ಅದು ದಾಟಿ ಹೋದ ಮೇಲೆ. 2023ರ ಬೇಸಿಗೆಗೆ ಬಡ್ಡಿಯೊಂದೇ ತಿಂಗಳಿಗೆ 4,000 ಮೀರಿತು. ಸಾಲ ಕೊಡುವಾಗ, ದರ ಏರಿದರೂ ಕಟ್ಟಬಲ್ಲರೇ ಎಂದು ನೋಡುವ ಸ್ಟ್ರೆಸ್ ಟೆಸ್ಟಿನಲ್ಲಿ ನಮ್ಮನ್ನು ಪಾಸು ಮಾಡಿದ್ದು ಶೇ. 5.25ಕ್ಕೆ. ಆಗ ನಾವು ಕಟ್ಟುತ್ತಿದ್ದದ್ದು 6.20.

ಕಂತು ಹೆಚ್ಚಿಸಿದೆವು. ನನ್ನ ಹೆಂಡತಿ ವಾರಾಂತ್ಯದ ಪಾಳಿ ಹಿಡಿದಳು. ಆ ಒಂದೂವರೆ ವರ್ಷ ಮಗಳ ಶನಿವಾರದ ಕನ್ನಡ ತರಗತಿ ತಪ್ಪಿತು, ಕರೆದುಕೊಂಡು ಹೋಗುವವರಿಲ್ಲದೆ. ಆ ವಯಸ್ಸಿನಲ್ಲಿ ತಪ್ಪಿದ ಒಂದೂವರೆ ವರ್ಷವನ್ನು ಯಾವ ರಿನ್ಯೂವಲ್ಲೂ ಹಿಂದಕ್ಕೆ ಕೊಡುವುದಿಲ್ಲ. ಈಗ ಅವಳು ಕನ್ನಡ ಪೂರ್ತಿ ತಿಳಿದುಕೊಳ್ಳುತ್ತಾಳೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ.

ಡೌನ್ ಪೇಮೆಂಟಿಗೆ ಅಪ್ಪ ಮೈಸೂರಿನ ಸೈಟು ಮಾರಿದ್ದರು. ನಿವೃತ್ತಿಯ ದುಡ್ಡಿನಲ್ಲಿ ಕೊಂಡ ಮೂವತ್ತು ನಲವತ್ತರ ಸೈಟು. ಮೂಲೆಯಲ್ಲಿ ಒಂದು ತೆಂಗಿನ ಸಸಿ ನೆಟ್ಟು ಪ್ರತಿ ಭಾನುವಾರ ಸ್ಕೂಟರಿನಲ್ಲಿ ಎರಡು ಕ್ಯಾನ್ ನೀರು ಒಯ್ಯುತ್ತಿದ್ದರು. ನಿನಗೆ ಅಲ್ಲಿ ನೆಲೆ ಆಗಲಿ ಎಂದು ಅವರೇ ಹೇಳಿದರು. ನಾನು ಬೇಡ ಅನ್ನಲಿಲ್ಲ. ನಿಮಗೂ ಹೀಗೇ ಯಾರೋ ಕೊಡಲು ಮುಂದೆ ಬರುತ್ತಾರೆ. ಕೈ ಚಾಚುವ ಮೊದಲು ಒಂದು ವರ್ಷ ತಡೆಯಿರಿ.

ಅಂಥ ಅವಸರಕ್ಕೆ ಈಗ ಕಾರಣವೂ ಇಲ್ಲ. 2022ರ ಫೆಬ್ರವರಿಯಲ್ಲಿ ಟೊರಾಂಟೊ ಪ್ರದೇಶದ ಸರಾಸರಿ ಬೆಲೆ 13.3 ಲಕ್ಷ ಡಾಲರ್ ಮುಟ್ಟಿತ್ತು. 2025ರಲ್ಲಿ ಅದು 11 ಲಕ್ಷದ ಕೆಳಗಿತ್ತು. 2024ರ ಜೂನಿನಿಂದ ಇಳಿಸುತ್ತಾ ಬಂದು ಬ್ಯಾಂಕ್ ಆಫ್ ಕೆನಡಾ 2025ರ ಅಕ್ಟೋಬರಿನಲ್ಲಿ ದರವನ್ನು 2.25ಕ್ಕೆ ತಂದಿತು. ಆದರೂ ಮಾರುಕಟ್ಟೆ ಎದ್ದು ಓಡಲಿಲ್ಲ. ವಲಸೆಯ ಗುರಿಯನ್ನು ಸರ್ಕಾರ 2025ಕ್ಕೆ 3,95,000ಕ್ಕೆ, 2026ಕ್ಕೆ 3,80,000ಕ್ಕೆ ತಗ್ಗಿಸಿತು. ವಿದ್ಯಾರ್ಥಿಗಳು ಕಡಿಮೆಯಾದರು, ಬಾಡಿಗೆ ಸಡಿಲವಾಯಿತು, ಸಣ್ಣ ಕಾಂಡೊ ಫ್ಲಾಟುಗಳನ್ನು ಕೇಳುವವರಿಲ್ಲ. ಅಮೆರಿಕದ ಸುಂಕದಿಂದ ಕೆಲಸದ ಭಯ ಬೇರೆ. ಇದೆಲ್ಲ ಕೊಳ್ಳುವವನ ಕೈ ಮೇಲಾಗಿರುವ ಕಾಲ. ಬೆಲೆ ತಳ ಮುಟ್ಟಿತೇ ಎಂಬ ಚಿಂತೆ ಬಿಡಿ. ಇನ್‌ಸ್ಪೆಕ್ಷನ್ ಕಂಡೀಷನ್ ಹಾಕಿದರೆ ಮಾರುವವರು ಒಪ್ಪುತ್ತಾರೆ, ಸಾಲ ಗಟ್ಟಿಯಾಗಲು ಐದು ದಿನ ಕೇಳಿದರೆ ಕೊಡುತ್ತಾರೆ. ನನಗೆ ಸಿಗದ ಆ ಐದು ದಿನ ನಿಮಗೆ ಸಿಗುತ್ತಿದೆ. ದಯವಿಟ್ಟು ಅದನ್ನು ಬಳಸಿ.

ಕೇಂದ್ರ ಬ್ಯಾಂಕ್ ಇಳಿಸಿದ ತಕ್ಷಣ ನಿಮ್ಮ ದರ ಇಳಿಯುತ್ತದೆ ಎಂದುಕೊಳ್ಳಬೇಡಿ. ಕೇಂದ್ರ ಬ್ಯಾಂಕಿನ ದರವನ್ನು ಹಿಂಬಾಲಿಸುವ ಬ್ಯಾಂಕುಗಳ ಪ್ರೈಮ್ ದರದ ಜೊತೆ ನಡೆಯುವುದು ವೇರಿಯಬಲ್ ಮಾತ್ರ. ಐದು ವರ್ಷದ ಫಿಕ್ಸೆಡ್ ಸರ್ಕಾರಿ ಬಾಂಡಿನ ಆದಾಯದ ಬೆನ್ನು ಹತ್ತುತ್ತದೆ. ಅದಕ್ಕೇ 2025ರ ಕೊನೆಗೆ 2.25 ಅಂತ ಸುದ್ದಿಯಲ್ಲಿ ಓದಿ ಬ್ಯಾಂಕಿಗೆ ಹೋದವರಿಗೆ 4ರ ಆಸುಪಾಸಿನ ದರ ಹೇಳಿದರು.

ನಮ್ಮವರು ಎಡವುವುದು ಹೆಚ್ಚಾಗಿ ಇನ್ನೊಂದು ಕಡೆ. ಊರಿನ ಹೋಮ್ ಲೋನ್ ಒಮ್ಮೆ ತಗೊಂಡರೆ ಇಪ್ಪತ್ತು ವರ್ಷ ಅದೇ ಸಾಲ. ದರ ಏರಿದರೆ ಬ್ಯಾಂಕು ಸಾಮಾನ್ಯವಾಗಿ ಅವಧಿ ಎಳೆಯುತ್ತದೆ, ಇಎಂಐ ಹಾಗೇ ಸಾಗುತ್ತದೆ. ಫ್ಲೋಟಿಂಗ್ ಸಾಲ ಬೇಗ ತೀರಿಸಿದರೆ ದಂಡವೂ ಇಲ್ಲ. ಇಲ್ಲಿ ಸಾಲದ ಆಯಸ್ಸು ಇಪ್ಪತ್ತೈದು ವರ್ಷ ಇರಬಹುದು, ಒಪ್ಪಂದದ ಆಯಸ್ಸು ಸಾಮಾನ್ಯವಾಗಿ ಐದೇ. ಐದನೇ ವರ್ಷ ಅಂದಿನ ದರಕ್ಕೆ ಮತ್ತೆ ಸಹಿ. ನಡುವೆ ಮುರಿದರೆ ವೇರಿಯಬಲ್‌ಗೆ ಮೂರು ತಿಂಗಳ ಬಡ್ಡಿ, ಫಿಕ್ಸೆಡ್‌ಗೆ ಅದಕ್ಕಿಂತ ಎಷ್ಟೋ ಪಾಲು ಹೆಚ್ಚಾಗಬಹುದು. ಗೆಳೆಯನೊಬ್ಬ 2023ರ ಕೊನೆಗೆ ಏರಿದ ದರದಲ್ಲೇ ಐದು ವರ್ಷಕ್ಕೆ ಫಿಕ್ಸೆಡ್ ಹಾಕಿಸಿದ. ಎರಡೇ ವರ್ಷಕ್ಕೆ ಕ್ಯಾಲ್ಗರಿಯಲ್ಲಿ ಕೆಲಸ ಸಿಕ್ಕಿತು. ಮನೆ ಮಾರಿದಾಗ ದಂಡವೇ ಹದಿನೆಂಟು ಸಾವಿರ ಡಾಲರ್. ಕೆಲಸ ಗಟ್ಟಿಯಿಲ್ಲದಿದ್ದರೆ, ಊರು ಬದಲಾಗುವ ಸೂಚನೆ ಇದ್ದರೆ, ಮೂರು ವರ್ಷದ ಒಪ್ಪಂದದ ಬಗ್ಗೆಯೂ ಕೇಳಿ.

ಹಾಗಾಗಿ ಲೆಕ್ಕ ಹಾಕುವಾಗ ಇವತ್ತಿನ ಕಂತಿನ ಜೊತೆ ರಿನ್ಯೂವಲ್ ದಿನದ ಕಂತನ್ನೂ ಬರೆದುಕೊಳ್ಳಿ. 6 ಲಕ್ಷ ಸಾಲ, ಇಪ್ಪತ್ತೈದು ವರ್ಷ: ಶೇ. 4ಕ್ಕೆ ತಿಂಗಳಿಗೆ ಸುಮಾರು 3,150 ಡಾಲರ್, ಐದು ವರ್ಷದ ಮೇಲೆ ಉಳಿದ ಬಾಕಿಗೆ ಶೇ. 6 ಆದರೆ ಸುಮಾರು 3,700. ಒಬ್ಬರ ಸಂಬಳದಲ್ಲಿ, ಮಗುವಿನ ಡೇಕೇರ್ ಕಟ್ಟಿಕೊಂಡು, ವರ್ಷಕ್ಕೊಮ್ಮೆ ಊರಿಗೆ ಟಿಕೆಟ್ ಇಟ್ಟುಕೊಂಡು ಆ 3,700 ಕಟ್ಟಬಲ್ಲಿರಾ? ಇಲ್ಲ ಎಂದಾದರೆ ಚಿಕ್ಕ ಮನೆ ನೋಡಿ, ಇಲ್ಲವೇ ಬಾಡಿಗೆಯಲ್ಲೇ ಇರಿ. ಬ್ಯಾಂಕು ಎಷ್ಟು ಕೊಡುತ್ತದೆ ಎಂಬುದು ನಿಮ್ಮ ಶಕ್ತಿಯ ಅಳತೆಯಲ್ಲ.

ಬೆಂಗಳೂರಿನಲ್ಲಿ ಫ್ಲಾಟು ಬುಕ್ ಮಾಡಿದ ಹಾಗೆ ಇಲ್ಲಿ ಕಟ್ಟುವ ಮೊದಲೇ ಕಾಂಡೊ ಬುಕ್ ಮಾಡಬೇಡಿ. 2021, 22ರಲ್ಲಿ ಹಾಗೆ ಮಾಡಿದ ಎಷ್ಟೋ ಜನಕ್ಕೆ ಈಗ ಕಟ್ಟಡ ಮುಗಿದಾಗ ಬ್ಯಾಂಕಿನ ಅಂದಾಜು ಬೆಲೆ ಒಪ್ಪಂದದ ಬೆಲೆಗಿಂತ ಕೆಳಗೆ ಬರುತ್ತಿದೆ. ನಡುವಿನ ಅಂತರವನ್ನು ಕೈಯಿಂದ ತುಂಬಬೇಕು.

ಕಾಗದದ ಕೆಲಸ ಇಷ್ಟು: 15 ಲಕ್ಷದೊಳಗಿನ ಮನೆಗೆ ವಿಮೆಯ ಸಾಲವಾದರೆ (ಸಾಲ ತೀರದಿದ್ದರೆ ಬ್ಯಾಂಕಿನ ನಷ್ಟ ತುಂಬುವ ವಿಮೆ) ಮೊದಲ 5 ಲಕ್ಷಕ್ಕೆ ಶೇ. 5, ಮೇಲಿನದಕ್ಕೆ ಶೇ. 10 ಕೈಯಲ್ಲಿರಬೇಕು. ಎಫ್‌ಎಚ್‌ಎಸ್‌ಎ (ಮೊದಲ ಮನೆಗಾಗಿ ಉಳಿಸುವ) ಖಾತೆಯ ವರ್ಷಕ್ಕೆ 8,000ದ ಮಿತಿ ಖಾತೆ ತೆರೆದ ಮೇಲಷ್ಟೇ ಎಣಿಕೆಗೆ ಬರುತ್ತದೆ, ಬೇಗ ತೆರೆಯಿರಿ (ಊರಿನಲ್ಲಿ ಇತ್ತೀಚಿನವರೆಗೆ ಸ್ವಂತ ಮನೆಯಲ್ಲಿದ್ದರೆ ಅರ್ಹತೆ ವಿಚಾರಿಸಿ). ಪಿಆರ್ (ಕಾಯಂ ವಾಸದ ಹಕ್ಕು) ಇಲ್ಲದವರಿಗೆ ಒಂಟಾರಿಯೊದಲ್ಲಿ ಬಹುಪಾಲು ಶೇ. 25 ತೆರಿಗೆ ಬೀಳುತ್ತದೆ. ಟೊರಾಂಟೊ ನಗರದೊಳಗೆ ನೋಂದಣಿ ತೆರಿಗೆ ಎರಡು, ಪ್ರಾಂತ್ಯದ್ದೊಂದು, ನಗರದ್ದೊಂದು. ಊರಿನಿಂದ ಬಂದ ದುಡ್ಡಿಗೆ ಉಡುಗೊರೆ ಪತ್ರ, ಮೂರು ತಿಂಗಳ ಖಾತೆ ವಿವರ.

ಇನ್‌ಸ್ಪೆಕ್ಷನ್ ಬಿಟ್ಟದ್ದರ ಫಲ ಏಪ್ರಿಲ್‌ನಲ್ಲಿ ಸಿಕ್ಕಿತು. ಜನವರಿಯಲ್ಲಿ ನೋಡಿದಾಗ ಹಿತ್ತಲು ಮೊಣಕಾಲೆತ್ತರ ಹಿಮದಲ್ಲಿ ಮುಚ್ಚಿತ್ತು. ಹಿಮ ಕರಗಿದಾಗ ತಿಳಿಯಿತು, ನೆಲದ ಇಳಿಜಾರು ಗೋಡೆಯ ಕಡೆಗೆ. ಬೇಸ್‌ಮೆಂಟಿನ ಮೂಲೆಯಲ್ಲಿ ನೀರು ಜಿನುಗಿ, ಇನ್ನೂ ಬಿಚ್ಚದ ರಟ್ಟಿನ ಡಬ್ಬದ ತಳ ಒದ್ದೆಯಾಗಿತ್ತು. ಅದರಲ್ಲಿದ್ದದ್ದು ಅಜ್ಜನ ಕಾಲದ ಪುಸ್ತಕಗಳು, ಅಪ್ಪ ಕೊಟ್ಟು ಕಳಿಸಿದ್ದು. ಹಾಳೆಗಳು ಒಂದಕ್ಕೊಂದು ಅಂಟಿ ಇಟ್ಟಿಗೆಯಂತಾಗಿದ್ದವು. ಹೇರ್ ಡ್ರೈಯರ್ ಹಿಡಿದು ಒಂದೊಂದೇ ಹಾಳೆ ಬಿಡಿಸಲು ನೋಡಿದೆ. ಅಕ್ಷರಗಳು ಎದುರಿನ ಹಾಳೆಗೆ ಎದ್ದು ಬರುತ್ತಿದ್ದವು.

ಮನೆಯಾದರೆ ಮಗಳು ಇಲ್ಲಿ ಬೇರು ಬಿಡುತ್ತಾಳೆ ಎಂಬುದು ನಮ್ಮ ಆಸೆಯಾಗಿತ್ತು. ಹೋದ ವರ್ಷ ಶಾಲೆಯಲ್ಲಿ ಮನೆಯ ಚಿತ್ರ ಬರೆಯಿರಿ ಅಂದಾಗ ಅವಳು ಬರೆದದ್ದು ಮಿಸ್ಸಿಸಾಗಾದ ಬಾಡಿಗೆ ಅಪಾರ್ಟ್‌ಮೆಂಟು. ಹದಿನಾಲ್ಕನೇ ಮಹಡಿಯ ಕಿಟಕಿಗೆ ಹಳದಿ ಬಣ್ಣ ಹಚ್ಚಿ ಒಳಗೆ ಮೂರು ಜನರನ್ನು ನಿಲ್ಲಿಸಿದ್ದಳು. ಅಲ್ಲಿ ನಾವು ಮೂವರೂ ಸಂಜೆ ಒಟ್ಟಿಗೆ ಊಟ ಮಾಡುತ್ತಿದ್ದೆವು.

ಕಳೆದ ಬೇಸಿಗೆಯಲ್ಲಿ ಅಪ್ಪ ಬಂದಿದ್ದರು. ಸೈಟಿನ ಮಾತು ತೆಗೆಯಲಿಲ್ಲ. ಮೂರನೇ ದಿನ ಸಲಿಕೆ ಕೇಳಿ ತಗೊಂಡು, ಗೋಡೆಯ ಬುಡಕ್ಕೆ ಮಣ್ಣು ಏರಿಸಿ ನೀರು ಹೊರಕ್ಕೆ ಹರಿಯುವಂತೆ ಇಳಿಜಾರು ಮಾಡಿದರು. ಈಗ ಆ ಮೂಲೆ ಒಣಗಿದೆ.

ನಮ್ಮ ರಿನ್ಯೂವಲ್ 2027ರ ಫೆಬ್ರವರಿಗೆ. ಬ್ಯಾಂಕಿನ ಕಾಗದಕ್ಕೆ ಈ ಸಲ ಕಾಯುವುದಿಲ್ಲ. ನಾಲ್ಕು ತಿಂಗಳು ಮೊದಲೇ ಎರಡು ಮೂರು ಕಡೆ ದರ ಕೇಳಿ ಇಟ್ಟುಕೊಳ್ಳುತ್ತೇವೆ. ಮಿಲ್ಟನ್ ಕಡೆ ಮನೆ ನೋಡಲು ಹೋಗುವವರಿದ್ದರೆ ಶನಿವಾರ ನನ್ನನ್ನೂ ಕರೆಯಿರಿ, ಬರುತ್ತೇನೆ. ಮೊದಲು ಬೇಸ್‌ಮೆಂಟಿಗೆ ಇಳಿಯೋಣ.