ಬಗ್ಗಡ ನೀರಿನಲ್ಲಿ ಸ್ಟೀಲ್‌ಹೆಡ್: ಎರೆ ಆರಿಸುವ ಬಗೆ

ಏರಿದ ನದಿ ಇಳಿಯತೊಡಗಿದಾಗ, ನೀರಿನ್ನೂ ಬಗ್ಗಡವಾಗಿರುವಾಗಲೇ ಗಾಳ ಹಾಕಬೇಕು ಎನ್ನುವವನು ನಾನು. ಸ್ಟೀಲ್‌ಹೆಡ್ ಎಂದರೆ ಸಮುದ್ರಕ್ಕೆ ಹೋಗಿ ಬೆಳೆದು ನದಿಗೆ ಮರಳುವ ರೇನ್‌ಬೋ ಟ್ರೌಟ್, ಸಾಲ್ಮನ್ ಕುಟುಂಬದ ಮೀನು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಪಶ್ಚಿಮ ಭಾಗದಲ್ಲಿ ಚಳಿಗಾಲದ ಮಳೆ ಸುರಿದಾಗಲೆಲ್ಲ ಸಮುದ್ರದಿಂದ ಹೊಸ ಸ್ಟೀಲ್‌ಹೆಡ್‌ಗಳು ನದಿಗೆ ಹತ್ತುತ್ತವೆ. ನಡುನೀರಿನ ಸೆಳವಿನೊಂದಿಗೆ ಗುದ್ದಾಡುವ ಬದಲು, ಬಗ್ಗಡದ ಮರೆಯಲ್ಲಿ ದಡದ ಪಕ್ಕದ ಎರಡು ಮೂರು ಅಡಿ ಆಳದಲ್ಲೇ ಸಾಗುತ್ತವೆ. ಮೀನು ಹತ್ತಿರದಲ್ಲೇ ಇರುತ್ತದೆ, ಎರೆ ಮಾತ್ರ ಅದರ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಪೆಟ್ಟಿಗೆ ತೆರೆದಾಗ ನಾನು ಯೋಚಿಸುವುದು ಒಂದೇ: ಇದು ಬರುತ್ತಿದೆ ಅಂತ ಮೀನಿಗೆ ಎಷ್ಟು ದೂರದಿಂದ ಗೊತ್ತಾದೀತು? ಗಾತ್ರ, ನೀರಿನಲ್ಲಿ ಎಬ್ಬಿಸುವ ಅದುರು, ವಾಸನೆ, ಎಲ್ಲಕ್ಕೂ ಕೊನೆಗೆ ಬಣ್ಣ. ನನ್ನ ಲೆಕ್ಕ ಸಾಗುವುದು ಈ ಕ್ರಮದಲ್ಲಿ. ಬಹಳ ಜನ ಬಣ್ಣದಿಂದ ಶುರುಮಾಡಿ ಅಲ್ಲೇ ನಿಂತುಬಿಡುತ್ತಾರೆ.

ಮೊದಲು ನೀರನ್ನು ಅಳೆಯಿರಿ. ನನ್ನ ಗಾಳದ ಕೋಲಿನ ತುದಿಯಿಂದ ಅಡಿಗೊಂದರಂತೆ ಬಿಳಿ ಟೇಪಿನ ಗುರುತು ಹಾಕಿಕೊಂಡಿದ್ದೇನೆ. ನಾಲ್ಕನೇ ನಂಬರಿನ ಬೆಳ್ಳಿ ಬಣ್ಣದ ಸ್ಪಿನ್ನರನ್ನು (ಎಳೆದಾಗ ಲೋಹದ ಅಲಗು ತಿರುಗುವ ಕೃತಕ ಎರೆ) ತುದಿಗೆ ತಾಗುವಂತೆ ಎಳೆದುಕೊಂಡು, ದಡದಲ್ಲಿ ನಿಂತು ಕೋಲನ್ನು ನೇರವಾಗಿ ನೀರಿಗೆ ಇಳಿಸುತ್ತೇನೆ. ಹೊಳಪು ಯಾವ ಗುರುತಿನ ಹತ್ತಿರ ಮಾಯವಾಯಿತೋ ಅದೇ ಆವತ್ತಿನ ನೋಟದ ಆಳ. ಮೂರು ಅಡಿ ದಾಟಿ, ನೀರು ಹಸಿರು ಛಾಯೆಗೆ ತಿರುಗಿದ್ದರೆ ಮಾಮೂಲಿ ಸಾಮಾನೇ ಸಾಕು. ಒಂದರಿಂದ ಎರಡೂವರೆ ಅಡಿ ಇದ್ದರೆ ಈ ಬರಹ ಉಪಯೋಗಕ್ಕೆ ಬರುತ್ತದೆ. ಒಂದು ಅಡಿಗಿಂತ ಕಡಿಮೆ ಇದ್ದರೆ ಬೇರೆ ನದಿ ಹುಡುಕಿ. ಒಲಿಂಪಿಕ್ ಪರ್ಯಾಯದ್ವೀಪದಲ್ಲಿ ಹೋ ನದಿ ಕೆಟ್ಟಿದ್ದಾಗಲೂ ಸೋಲ್ ಡಕ್ ನದಿ ತಿಳಿಯಾಗಿರುವುದು ಅಪರೂಪವಲ್ಲ. ಹೋ ಹುಟ್ಟುವುದು ಮೌಂಟ್ ಒಲಿಂಪಸ್‌ನ ಹಿಮನದಿಗಳಲ್ಲಿ. ಆ ಬೂದು ಬಣ್ಣದ ನಯವಾದ ಹೂಳು ಸುಲಭವಾಗಿ ತಳ ಸೇರುವುದಿಲ್ಲ. ಟೂಟಲ್ ನದಿಯಂತೂ 1980ರಲ್ಲಿ ಸೇಂಟ್ ಹೆಲೆನ್ಸ್ ಜ್ವಾಲಾಮುಖಿ ಸಿಡಿದಾಗ ಬಿದ್ದ ಬೂದಿ ಮಣ್ಣನ್ನು ಇವತ್ತಿಗೂ ಹೊತ್ತು ತಂದು ಕೌಲಿಟ್ಜ್ ನದಿಗೆ ಸುರಿಯುತ್ತಿದೆ. ಹಾಗಾಗಿ ಮಳೆಯ ನಂತರ ಕೌಲಿಟ್ಜ್‌ಗೆ ಹೋಗುವುದಾದರೆ ಟೂಟಲ್ ಸೇರುವ ಜಾಗಕ್ಕಿಂತ ಮೇಲೆಯೇ ನಿಲ್ಲಿ.

ಹೊರಡುವ ಮುಂಚೆ ನದಿಯ ನೀರಿನ ಮಟ್ಟ ತೋರಿಸುವ ಯುಎಸ್‌ಜಿಎಸ್ (ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆ) ಮಾಪಕದ ಗ್ರಾಫ್ ನೋಡಿಕೊಳ್ಳಿ. ಗೆರೆ ಇಳಿಯುತ್ತಿದ್ದರೆ ಹೋಗಿ. ಏರುತ್ತಿರುವ ನೀರಲ್ಲಿ ಎಲೆ, ಕಡ್ಡಿ, ತೊಗಟೆ ತೇಲಿಬಂದು ಕೊಕ್ಕೆಗೆ ಸುತ್ತಿಕೊಳ್ಳುತ್ತವೆ, ಎಂಥ ಒಳ್ಳೆಯ ಎರೆಯೂ ಅಲ್ಲಿ ಕೆಲಸಕ್ಕೆ ಬಾರದು.

ಇನ್ನು ಕಾನೂನು. ಎರೆಯ ಆಯ್ಕೆ ಅರ್ಧ ಮುಗಿಯುವುದೇ ಇಲ್ಲಿ. ವಾಷಿಂಗ್ಟನ್ ಮೀನು ಮತ್ತು ವನ್ಯಜೀವಿ ಇಲಾಖೆಯ ನಿಯಮ ನದಿಯಿಂದ ನದಿಗೆ ಬೇರೆ, ಋತುವಿನ ಮಧ್ಯದಲ್ಲೂ ತುರ್ತು ಆದೇಶ ಬರುತ್ತದೆ. ಕರಾವಳಿಯ ಎಷ್ಟೋ ನದಿಗಳಲ್ಲಿ ಮೊಟ್ಟೆ, ಸಿಗಡಿ, ಹುಳುವಿನಂಥ ನಿಜವಾದ ಎರೆ ನಿಷಿದ್ಧ. ಮುಳ್ಳಿಲ್ಲದ ಒಂಟಿ ಕೊಕ್ಕೆಯೇ ಆಗಬೇಕು. ಕೆಲವು ಕಡೆ ಕೃತಕ ಎರೆಗೆ ವಾಸನೆ ಹಚ್ಚುವ ಹಾಗೂ ಇಲ್ಲ. ಹೋಗುವ ದಿನ ಬೆಳಿಗ್ಗೆಯೇ ನೋಡಿಕೊಳ್ಳಿ, ಕಳೆದ ವರ್ಷದ ನೆನಪನ್ನು ನಂಬಬೇಡಿ.

ನಿಜವಾದ ಎರೆಗೆ ಅವಕಾಶವಿದ್ದರೆ ನನ್ನ ಮೊದಲ ಆಯ್ಕೆ ಸಾಲ್ಮನ್ ಮೊಟ್ಟೆಯ ಗೊಂಚಲು. ಸ್ಟೀಲ್‌ಹೆಡ್ ತಾನು ಹುಟ್ಟಿದ ಹೊಳೆಯನ್ನು ಮೂಗಿನಿಂದಲೇ ಪತ್ತೆಹಚ್ಚುವ ಜಾತಿ. ಕಣ್ಣು ಸೋತಾಗ ವಾಸನೆ ಕೆಳಗಡೆಗೆ ಹರಿದು ಮೀನನ್ನು ಎಚ್ಚರಿಸುತ್ತದೆ. ತಿಳಿನೀರಲ್ಲಿ ಉಗುರಿನಷ್ಟು ಸಾಕಾದರೆ, ಬಗ್ಗಡದಲ್ಲಿ ಹೆಬ್ಬೆರಳ ಮೇಲಿನ ಗೆಣ್ಣಿನಷ್ಟು ದಪ್ಪ ಇರಲಿ. ಪೊರೆ ಬಿಡದಂತೆ ಕತ್ತರಿಯಲ್ಲಿ ಕತ್ತರಿಸಿ, ಎಗ್ ಲೂಪ್ ಗಂಟಿನ (ಕೊಕ್ಕೆಯ ಕಾಂಡದ ಮೇಲೆ ದಾರದ ಕುಣಿಕೆ ಉಳಿಸುವ ಗಂಟು) ಕುಣಿಕೆಯೊಳಗೆ ತೂರಿಸಿ, ಪೊರೆಯ ಭಾಗವೇ ಕುಣಿಕೆಗೆ ಸಿಗುವಂತೆ ಎಳೆದು ಬಿಗಿ ಮಾಡಿ. ಬರಿ ಮೊಟ್ಟೆಗಳನ್ನು ಹಿಡಿದರೆ ಎರಡೇ ಎಸೆತಕ್ಕೆ ಒಡೆದು ಹೋಗುತ್ತವೆ. ಬೊರಾಕ್ಸ್‌ನಲ್ಲಿ ಹದ ಮಾಡಿದ ಮೊಟ್ಟೆ ಗಟ್ಟಿಯಾಗಿ ನಿಲ್ಲುತ್ತದೆ. ಆದರೆ ತೀರ ಒಣಗಿಸಿದ್ದು ಬಗ್ಗಡಕ್ಕೆ ಆಗದು, ಅದರಿಂದ ರಸ ಒಸರುವುದಿಲ್ಲ. ಬೆರಳಲ್ಲಿ ಒತ್ತಿದರೆ ಅಂಟಂಟಾಗಿ ಬಣ್ಣ ಬಿಡಬೇಕು. ಗೊಂಚಲು ಬೆಳ್ಳಗಾದ ಕೂಡಲೇ ಬದಲಿಸಿ, ಅದರಲ್ಲಿ ವಾಸನೆ ಉಳಿದಿರುವುದಿಲ್ಲ. ಜಿಪುಣತನ ಮಾಡುವ ಜಾಗ ಇದಲ್ಲ.

ಗೊಂಚಲಿನ ಜೊತೆಗೆ ಮರಳು ಸಿಗಡಿಯ ಬಾಲವನ್ನೂ ಸಿಕ್ಕಿಸಿದರೆ ಇನ್ನೂ ಒಳ್ಳೆಯದು. ಎರಡು ವಾಸನೆ, ಎರಡು ಬಣ್ಣ. ಎರೆಹುಳುವೂ ನಡೆಯುತ್ತದೆ, ಆದರೆ ಇವೆರಡಿದ್ದಾಗ ಅದನ್ನು ನಾನು ಹೊರತೆಗೆಯುವುದಿಲ್ಲ. ಎರೆಯ ಮೇಲ್ಗಡೆ ದಾರಕ್ಕೆ ಒಂದು ಸ್ಪಿನ್-ಎನ್-ಗ್ಲೋ ಪೋಣಿಸುವುದನ್ನು ಮಾತ್ರ ಮರೆಯಬೇಡಿ. ರೆಕ್ಕೆಯಿರುವ ಈ ಸಣ್ಣ ಬೆಂಡು ಸೆಳವಿನಲ್ಲಿ ಗಿರಗಿರನೆ ತಿರುಗುತ್ತ ಎರೆಯನ್ನು ತಳದ ಕಲ್ಲುಗಳಿಂದ ಮೇಲೆತ್ತಿ ಹಿಡಿಯುತ್ತದೆ, ನೀರನ್ನೂ ಅದುರಿಸುತ್ತದೆ. ನೀರು ಕೆಟ್ಟಷ್ಟೂ ದೊಡ್ಡ ಗಾತ್ರದ್ದು ಹಾಕಿ.

ಕೈ ತೊಳೆಯುವುದು ಸಣ್ಣ ವಿಷಯವಲ್ಲ. ಮನುಷ್ಯನ ಚರ್ಮದಲ್ಲಿರುವ ಎಲ್-ಸೆರಿನ್ ಎಂಬ ಅಮೈನೋ ಆಮ್ಲಕ್ಕೆ ಸಾಲ್ಮನ್ ಜಾತಿಯ ಮೀನುಗಳು ಬೆದರುತ್ತವೆ. ಪೆಟ್ರೋಲ್ ಬಂಕಿನಿಂದ ನೇರ ನದಿಗೆ ಬಂದ ಕೈ ಇನ್ನೂ ಕೆಟ್ಟದ್ದು. ಎರೆ ಕಟ್ಟುವಾಗ ತೆಳು ರಬ್ಬರ್ ಕೈಗವಸು ಹಾಕಿಕೊಳ್ಳಿ.

ನಿಜವಾದ ಎರೆ ನಿಷಿದ್ಧವಾದ ಕಡೆ ನನ್ನ ಕೈ ಸ್ಪಿನ್ನರಿಗೇ ಹೋಗುತ್ತದೆ. ಮೀನಿನ ಮೈಯ ಎರಡೂ ಬದಿಗೆ ತಲೆಯಿಂದ ಬಾಲದವರೆಗೆ ಒಂದು ಪಾರ್ಶ್ವರೇಖೆ ಇರುತ್ತದೆ. ಹತ್ತಿರದ ನೀರಿನ ಅಲುಗಾಟ ಮೀನಿಗೆ ತಿಳಿಯುವುದು ಈ ರೇಖೆಯಿಂದಲೇ, ಇದಕ್ಕೆ ಬೆಳಕು ಬೇಕಿಲ್ಲ. ಸ್ಪಿನ್ನರಿನ ಅಲಗು ಯಾವ ಆಕಾರದ್ದು ಎಂಬುದು ಇಲ್ಲಿ ಮುಖ್ಯ. ಉದ್ದನೆಯ ವಿಲೋ ಎಲೆ ಆಕಾರದ್ದು ದಂಡಕ್ಕೆ ಅಂಟಿಕೊಂಡಂತೆ ವೇಗವಾಗಿ ಸುತ್ತುತ್ತದೆ, ಅದನ್ನು ತಿಳಿನೀರಿಗೆ ಇಟ್ಟುಕೊಳ್ಳಿ. ದುಂಡನೆಯ ಕೊಲೊರಾಡೊ ಅಲಗು ಅಗಲವಾಗಿ, ನಿಧಾನಕ್ಕೆ, ನೀರನ್ನು ಬಡಿಯುತ್ತಾ ತಿರುಗುತ್ತದೆ. ಬಗ್ಗಡಕ್ಕೆ ಅದೇ ಬೇಕು. ಐದನೇ ನಂಬರಿನದು, ಸೆಳವು ಜೋರಿದ್ದರೆ ಆರನೆಯದು. ಎಸೆದು, ತಳಕ್ಕಿಳಿಯಲು ಬಿಟ್ಟು, ಅಲಗು ತಿರುಗುವುದಕ್ಕೆ ಎಷ್ಟು ಬೇಕೋ ಅಷ್ಟೇ ವೇಗದಲ್ಲಿ ಸುತ್ತಿಕೊಳ್ಳಿ. ಕೋಲಿನ ತುದಿ ನಾಡಿಯ ಹಾಗೆ ಡಬ್ ಡಬ್ ಎನ್ನುತ್ತಿರಬೇಕು. ಆ ಮಿಡಿತ ನಿಂತರೆ ಕಸ ಸಿಕ್ಕಿದೆ ಅಥವಾ ಮೀನು ಬಾಯಿ ಹಾಕಿದೆ. ಎರಡಕ್ಕೂ ಮಾಡುವುದು ಒಂದೇ, ಕೋಲನ್ನು ಬಲವಾಗಿ ಎತ್ತುವುದು.

ಸ್ಪೂನ್ (ಚಮಚದಂತೆ ಬಾಗಿದ ಲೋಹದ ಎರೆ) ಒಯ್ಯುವುದಾದರೆ ಸುತ್ತಿಗೆ ಏಟಿನ ಗುಳಿಗಳಿರುವ ಅಗಲವಾದದ್ದು ಒಯ್ಯಿರಿ. ದೋಣಿಯಿಂದ ಹಿಡಿಯುವವರಿಗೆ ಪ್ಲಗ್ (ಮೀನಿನಾಕಾರದ ಗಟ್ಟಿ ಕೃತಕ ಎರೆ) ಬಲು ಒಳ್ಳೆಯ ಅಸ್ತ್ರ: ಸೆಳವಿಗೆ ಎದುರಾಗಿ ಹುಟ್ಟು ಹಾಕಿ ದೋಣಿಯನ್ನು ತಡೆಯುತ್ತಾ ಇಳಿದರೆ ಅದು ಮೀನಿನ ಮುಖದ ಮುಂದೆಯೇ ಬಹಳ ಹೊತ್ತು ಒದ್ದಾಡುತ್ತದೆ. ಬೆಂಡಿನ ಕೆಳಗೆ ತೂಗುವ ಸಣ್ಣ ಜಿಗ್ (ತಲೆಯಲ್ಲಿ ಭಾರವಿರುವ ಕೊಕ್ಕೆ) ಮೌನವಾದ ಸಾಮಾನು, ಎರಡು ಅಡಿಗಿಂತ ಕಡಿಮೆ ನೋಟವಿದ್ದಾಗ ಅದನ್ನು ಪೆಟ್ಟಿಗೆಯಲ್ಲೇ ಬಿಡಿ. ಅದರ ಬದಲು ಆರು ಅಂಗುಲದ ಗುಲಾಬಿ ಪ್ಲಾಸ್ಟಿಕ್ ಹುಳು ಕಟ್ಟಬಹುದು.

ಬಣ್ಣಕ್ಕೆ ಬಂದರೆ, ಹೂಳು ಮತ್ತು ಕೊಳೆತೆಲೆಯ ಕಂದು ಸೇರಿದ ನೀರು ನೀಲಿ ಬೆಳಕನ್ನು ಮೊದಲು ನುಂಗುತ್ತದೆ. ಹಳದಿ, ಕಿತ್ತಳೆ, ಕೆಂಪು ಸ್ವಲ್ಪ ಹೆಚ್ಚು ಆಳಕ್ಕೆ ಇಳಿಯುತ್ತವೆ. ಅದಕ್ಕೇ ಮಿನುಗುವ ಕಿತ್ತಳೆ, ಅಚ್ಚ ಗುಲಾಬಿ, ಹಸಿರು ಬೆರೆತ ಹಳದಿಯಾದ ಶಾರ್ಟ್ರೂಸ್ ಇಲ್ಲಿ ಗೆಲ್ಲುವುದು. ಒಂದೇ ಬಣ್ಣಕ್ಕಿಂತ ಎರಡು ಎದ್ದು ಕಾಣುವ ಬಣ್ಣಗಳ ಜೋಡಿ ಮೇಲು. ನನ್ನ ಸ್ಪಿನ್ನರುಗಳಲ್ಲಿ ಹೆಚ್ಚಿನವು ಶಾರ್ಟ್ರೂಸ್ ಅಲಗು, ಕಿತ್ತಳೆ ಮೈಯವು. ಮೋಡ ಕವಿದ ಸಂಜೆ ಮಾತ್ರ ಕಪ್ಪಿಗೆ ಬದಲಾಯಿಸುತ್ತೇನೆ: ಮೇಲಿನ ಬೂದು ಬೆಳಕಿಗೆ ಎದುರಾಗಿ ಕಪ್ಪು ಆಕಾರ ಮೀನಿಗೆ ಸ್ಪಷ್ಟವಾಗಿ ಕಾಣುತ್ತದೆ.

ಎಂಥ ಎರೆ ಕಟ್ಟಿದರೂ ಅದು ಮೀನಿನ ಮೂಗಿನ ಮುಂದೆ ಹಾಯಬೇಕು. ಕೊಕ್ಕೆಗೆ ಕಟ್ಟುವ ತುದಿಯ ತುಂಡಾದ ಲೀಡರ್ ದಾರ ಹದಿನೆಂಟು ಅಂಗುಲಕ್ಕೆ ಇಳಿಸಿ, ಹನ್ನೆರಡರಿಂದ ಹದಿನೈದು ಪೌಂಡು ಭಾರ ತಡೆಯುವುದು ಹಾಕಿ. ದಾರ ದಪ್ಪವಾದರೂ ಈ ನೀರಲ್ಲಿ ಮೀನಿಗೆ ಕಾಣುವುದಿಲ್ಲ, ಉದ್ದವಾದರೆ ಎರೆ ಅಡ್ಡಾದಿಡ್ಡಿ ಅಲೆಯುತ್ತದೆ. ನೀರಿಗೆ ಇಳಿಯುವ ಮುಂಚೆ ಕಾಲ ಬುಡದ ನೀರಿಗೇ ಮೊದಲ ಎಸೆತ ಹಾಕಿ. ಆಮೇಲೆ ಒಂದೊಂದೇ ಅಡಿ ಆಚೆಗೆ ಸರಿಯುತ್ತಾ, ಒಂದೊಂದು ಸಾಲಿಗೂ ಐದಾರು ಬಾರಿ ಎಸೆಯಿರಿ. ತಿಳಿನೀರಲ್ಲಿ ಎರಡೇ ಎಸೆತಕ್ಕೆ ಮುಂದೆ ಹೋಗುವ ಅಭ್ಯಾಸ ಇಲ್ಲಿ ಮೀನನ್ನು ತಪ್ಪಿಸುತ್ತದೆ. ಹಾಗೆ ಮಾಡಿಯೂ ಏನೂ ಮುಟ್ಟದಿದ್ದರೆ ಮೊದಲು ವೇಗ ತಗ್ಗಿಸಿ, ಆಮೇಲೆ ಗಾತ್ರ ಹೆಚ್ಚಿಸಿ, ಬಣ್ಣವನ್ನು ಕಟ್ಟಕಡೆಗೆ ಬದಲಿಸಿ.

ಸಿಕ್ಕ ಮೀನನ್ನು ದಡಕ್ಕೆ ಎಳೆದುಹಾಕಬೇಡಿ. ಬಾಲದ ಮುಂದೆ, ಬೆನ್ನ ಮೇಲಿನ ಪುಟ್ಟ ಅಡಿಪೋಸ್ ರೆಕ್ಕೆ ಇದೆಯಾ ನೋಡಿ. ಕತ್ತರಿಸಿ ಮಾಯ್ದ ಗುರುತಿದ್ದರೆ ಅದು ಹ್ಯಾಚರಿ ಮೀನು, ಅಂದರೆ ಮರಿ ಸಾಕಣೆ ಕೇಂದ್ರದಿಂದ ಬಿಟ್ಟದ್ದು. ರೆಕ್ಕೆ ಇದ್ದರೆ ನದಿಯಲ್ಲೇ ಹುಟ್ಟಿದ ಕಾಡುಮೀನು, ಅದನ್ನು ಬಿಡಬೇಕು. ವಾಷಿಂಗ್ಟನ್ನಿನಲ್ಲಿ ಬಿಡಬೇಕಾದ ಮೀನನ್ನು ನೀರಿನಿಂದ ಪೂರ್ತಿ ಮೇಲೆತ್ತುವುದೇ ಅಪರಾಧ. ಬಗ್ಗಡದಲ್ಲಿ ರೆಕ್ಕೆ ಕಣ್ಣಿಗೆ ಕಾಣದಿದ್ದರೆ ಮೀನನ್ನು ಬಲೆಯೊಳಗೇ ಇಟ್ಟುಕೊಂಡು, ಒದ್ದೆ ಬೆರಳಿನಿಂದ ಬೆನ್ನು ಸವರಿ ನೋಡಿ.