ಎಚ್‌ಎಎಲ್ ಸಂಗ್ರಹಾಲಯದಲ್ಲಿ ಮಾರುತ್ ವಿಮಾನವನ್ನು ನೋಡುವ ಬಗೆ

ವಿಮಾನ ತಯಾರಿಸುವ ಸರ್ಕಾರಿ ಸಂಸ್ಥೆ ಎಚ್‌ಎಎಲ್‌ನ (ಹಿಂದೂಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್) ಬೆಂಗಳೂರಿನ ವಸ್ತುಸಂಗ್ರಹಾಲಯಕ್ಕೆ ಹೋಗುವವರು ಮೊದಲು ಒಳಗಿನ ಛಾಯಾಚಿತ್ರಗಳನ್ನು ನೋಡಿ, ಆಮೇಲೆ ಅಂಗಳಕ್ಕೆ ಬರುವುದು ಒಳ್ಳೆಯದು. 1940ರಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ ಕಟ್ಟಿದ, ಈ ಸಂಸ್ಥೆಯ ಮೂಲವಾದ ವಿಮಾನ ಕಾರ್ಖಾನೆಯ ಕಥೆ ತಿಳಿದಿದ್ದರೆ, ಹೊರಗೆ ನಿಂತಿರುವ ವಿಮಾನಗಳು ಬೇರೆಯಾಗಿಯೇ ಕಾಣುತ್ತವೆ.

ಅಂಗಳದಲ್ಲಿ ಹೆಚ್ಚಿನ ಹೊತ್ತನ್ನು ಮಾರುತ್‌ಗೆ ಮೀಸಲಿಡಿ. ಜರ್ಮನಿಯ ಕರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಇಲ್ಲಿಯೇ ವಿನ್ಯಾಸಗೊಂಡು 1961ರ ಜೂನ್‌ನಲ್ಲಿ ಮೊದಲ ಬಾರಿಗೆ ಹಾರಿದ ಈ ಯುದ್ಧವಿಮಾನವನ್ನು ಮೂತಿಯಿಂದ ಬಾಲದವರೆಗೆ ನಿಧಾನವಾಗಿ ಸುತ್ತಿ ನೋಡಬೇಕು. ಮೂತಿಯ ಇಕ್ಕೆಲಗಳಲ್ಲಿ 30 ಮಿಲಿಮೀಟರ್ ಫಿರಂಗಿಗಳ ಬಾಯಿಗಳನ್ನು ಗುರುತಿಸಿ. ಪ್ರತಿ ಬದಿಗೆ ಎರಡರಂತೆ ಒಟ್ಟು ನಾಲ್ಕು. ನಂತರ ಪಕ್ಕಕ್ಕೆ ಸರಿದು, ಹಿಂದಕ್ಕೆ ಬಾಗಿದ ರೆಕ್ಕೆಗಳನ್ನೂ ಗಾಳಿ ಒಳಸೇರುವ ದ್ವಾರಗಳನ್ನೂ ಗಮನಿಸಿ. ಕೊನೆಗೆ ಹಿಂದೆ ನಿಂತು ಜೋಡಿ ಎಂಜಿನ್‌ಗಳ ಹೊರದ್ವಾರಗಳನ್ನು ನೋಡಿ: ಶಬ್ದವೇಗವನ್ನು ಮೀರಲೆಂದು ರೂಪಿಸಿದ ಈ ದೇಹಕ್ಕೆ ತಕ್ಕ ಶಕ್ತಿಯ ಎಂಜಿನ್ ಸಿಗಲಿಲ್ಲ ಎಂಬ ನೋವಿನ ಸಂಗತಿ ಮನಸ್ಸಿಗೆ ತಟ್ಟುವುದು ಅಲ್ಲಿಯೇ. ಹಾಗಿದ್ದರೂ 1971ರ ಯುದ್ಧದಲ್ಲಿ ಅದು ರಾಜಸ್ಥಾನದ ಗಡಿಯಲ್ಲಿ ದುಡಿಯಿತು. ಅದನ್ನು ವಿಫಲ ವಿಮಾನವೆಂದು ಕರೆಯುವುದು ಸರಿಯಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಬೆಳೆಗಳಿಗೆ ಔಷಧಿ ಸಿಂಪಡಿಸಲು ತಯಾರಿಸಿದ ಬಸಂತ್ ವಿಮಾನದ ಬಳಿ ಚಾಲಕನ ಆಸನ ಎಷ್ಟು ಎತ್ತರದಲ್ಲಿದೆ ಎಂಬುದನ್ನು ನೋಡಿ. ಹೊಲದ ಮೇಲೆ ತಗ್ಗಿ ಹಾರುವವನಿಗೆ ಮುಂದಿನ ಮರ, ತಂತಿಗಳು ಕಾಣಲೇಬೇಕಲ್ಲವೇ? ತಗಡನ್ನು ಮುಟ್ಟಬೇಡಿ, ಮಕ್ಕಳು ರೆಕ್ಕೆಗಳಿಗೆ ಜೋತುಬೀಳದಂತೆ ನೋಡಿಕೊಳ್ಳಿ. ಬಿಸಿಲೇರುವ ಮುನ್ನವೇ ಅಂಗಳವನ್ನು ಸುತ್ತಿ ಮುಗಿಸುವುದು ಹಿತಕರ.