ಇವತ್ತು ಪಿಎಸ್2 ಕೊಳ್ಳಬೇಕೆ? ಮೊದಲು ಟಿವಿ, ಆಮೇಲೆ ಲೆನ್ಸ್, ಕೊನೆಗೆ ಬೆಲೆ

ಸೋನಿಯ ಹಳೆಯ ಗೇಮ್ ಯಂತ್ರ (ಕನ್ಸೋಲ್) ಪ್ಲೇಸ್ಟೇಷನ್ 2, ಅಂದರೆ ಪಿಎಸ್2, ಕೊಳ್ಳಬೇಕೆಂದವರು ಮೊದಲು ವಿಚಾರಿಸುವುದು ರೇಟು. ನಾನು ಮೊದಲು ವಿಚಾರಿಸುವುದು ಮನೆಯಲ್ಲಿರುವ ಟಿವಿ. ಈ ಯಂತ್ರಗಳನ್ನು ಬಿಚ್ಚಿ, ಒರೆಸಿ, ಡಿಸ್ಕು ಓದುವ ಲೆನ್ಸ್ ಬದಲಿಸಿ ನಡೆಸಿಕೊಂಡು ಬಂದ ಮೇಲೆ ಒಂದು ಮಾತು ನನಗೆ ಖಚಿತವಾಗಿದೆ. ಪಿಎಸ್2 ಕೊಂಡವರಿಗೆ ಬೇಸರ ತರಿಸುವುದು ಎರಡೇ ಸಂಗತಿ, ಒಂದು ಪರದೆಯ ಮೇಲಿನ ಚಿತ್ರ, ಇನ್ನೊಂದು ಲೆನ್ಸ್. ಎರಡಕ್ಕೂ ಮೊದಲೇ ಉತ್ತರ ಸಿಕ್ಕಿದ್ದರೆ ಕೊಳ್ಳಿ, ಇಲ್ಲದಿದ್ದರೆ ಸ್ವಲ್ಪ ತಡೆಯಿರಿ.

ಹಳೆಯ ಕನ್ಸೋಲುಗಳಲ್ಲಿ ಪಿಎಸ್2ನ್ನೇ ಹೇಳುತ್ತಿರುವುದಕ್ಕೆ ಕಾರಣವಿದೆ. 2000ದ ಮಾರ್ಚ್ 4ರಂದು ಜಪಾನಿನಲ್ಲಿ ಮಾರಾಟಕ್ಕೆ ಬಂದದ್ದು, 2013ರ ಆರಂಭದಲ್ಲಿ ತಯಾರಿಕೆ ನಿಂತಿತು. ಅಷ್ಟರಲ್ಲಿ 15 ಕೋಟಿಗೂ ಹೆಚ್ಚು ಯಂತ್ರ ಮಾರಾಟವಾಗಿದ್ದವು. ಹಾಗಾಗಿ ಬಿಡಿಭಾಗ ಇನ್ನೂ ಸಿಗುತ್ತದೆ, ರಿಪೇರಿ ಕೈಗೆಟಕುತ್ತದೆ. ನಮ್ಮಲ್ಲಿ ಎಷ್ಟೋ ಮನೆಗಳ ಅಟ್ಟದ ಮೇಲೆ ಇದರ ಡಿಸ್ಕುಗಳು ಇನ್ನೂ ಇವೆ. ಒಳಗೆ ಹಳೆಯ ಪ್ಲೇಸ್ಟೇಷನ್‌ನ (ಅಂದರೆ ಮೊದಲನೆಯದರ) ಆಟಗಳನ್ನೂ ಆಡಿಸುವ ವ್ಯವಸ್ಥೆ ಇರುವುದರಿಂದ ಒಂದು ಯಂತ್ರಕ್ಕೆ ಎರಡು ಕಾಲದ ಆಟ.

ಟಿವಿ ಯಾವುದು?

ಪಿಎಸ್2 ಹೊರಗೆ ಕಳಿಸುವುದು ಬಹುಪಾಲು 480ಐ (480 ಗೆರೆಗಳ) ಚಿತ್ರ, ಪಾಲ್ ಎಂಬ ನಮ್ಮ ಟಿವಿ ಪದ್ಧತಿಯ ಆಟಗಳಲ್ಲಾದರೆ 576ಐ. ಒಂದು ಸಲ ಬೆಸ ಗೆರೆಗಳು, ಮರುಸಲ ಸಮ ಗೆರೆಗಳು. ಡಬ್ಬಾ ಟಿವಿ ಅದನ್ನು ಬಂದ ಹಾಗೆಯೇ ಪರದೆಗೆ ಎಳೆಯುತ್ತದೆ. ಎಲ್‌ಇಡಿ ಟಿವಿ ಎರಡು ಕಂತನ್ನೂ ಹೊಂದಿಸಿ, ಹಿಗ್ಗಿಸಿ ತೋರಿಸಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ. ಕ್ರಿಕೆಟ್ ಆಟದಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ: ಚೆಂಡು ಕಾಣುವುದೇ ತಡ, ನೋಡಿ ಗುಂಡಿ ಒತ್ತುವಷ್ಟರಲ್ಲಿ ಆಟದ ಲೆಕ್ಕದಲ್ಲಿ ಸ್ಟಂಪು ಬಿದ್ದಾಗಿದೆ. ಟಿವಿಯಲ್ಲಿ ಗೇಮ್ ಮೋಡ್ ಇದ್ದರೆ ಮೊದಲು ಅದನ್ನು ಹಾಕಿ, ಅಂತರ ಕಡಿಮೆಯಾಗುತ್ತದೆ.

ಮನೆಯಲ್ಲಿ ಕೆಲಸ ಮಾಡುವ 21 ಇಂಚಿನ ಡಬ್ಬಾ ಟಿವಿ ಇದ್ದರೆ ಅದನ್ನು ಗುಜರಿಗೆ ಹಾಕಬೇಡಿ. ಹಳದಿ, ಬಿಳಿ, ಕೆಂಪು ಮೂರು ಜ್ಯಾಕ್ ಇದ್ದರೆ ಸಾಕು. ಅಮೆರಿಕ ಅಥವಾ ಜಪಾನಿನ ಡಿಸ್ಕು ಹಾಕಿದಾಗ ಚಿತ್ರ ಕಪ್ಪುಬಿಳುಪಾಗಿ ಬಂದರೆ ಆ ಟಿವಿ ಎನ್‌ಟಿಎಸ್‌ಸಿ ಬಣ್ಣವನ್ನು ಓದುವುದಿಲ್ಲ ಎಂದರ್ಥ, ಕನ್ಸೋಲಿನ ತಪ್ಪಲ್ಲ. ಬಂದೂಕಿನ ಆಟಗಳಿಗೆ ಬಳಸುವ ಗನ್‌ಕಾನ್ ಎಂಬ ಪಿಸ್ತೂಲು ಡಬ್ಬಾ ಟಿವಿಯಲ್ಲಿ ಮಾತ್ರ ಗುರಿ ಹಿಡಿಯುತ್ತದೆ. ಈ ಟಿವಿಗಳ ಹಿಂಭಾಗವನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಪಿಕ್ಚರ್ ಟ್ಯೂಬಿನಲ್ಲಿ ಜೀವಕ್ಕೆ ಅಪಾಯವಾಗುವಷ್ಟು ವಿದ್ಯುತ್ ಉಳಿದಿರುತ್ತದೆ.

ಎಲ್‌ಇಡಿ ಒಂದೇ ಇದ್ದರೆ ಹಿಂದೆ ತಿರುಗಿಸಿ ನೋಡಿ. ಹಲವು ಹೊಸ ಟಿವಿಗಳಲ್ಲಿ ಹಳದಿ ಜ್ಯಾಕ್ ಇರುವುದಿಲ್ಲ, ಎವಿ ಎಂದು ಬರೆದ ಇಯರ್‌ಫೋನ್ ಗಾತ್ರದ ಒಂದು ತೂತು ಇರುತ್ತದೆ. ಅದಕ್ಕೆ ಹಾಕುವ ಕೇಬಲಿನಲ್ಲಿ ಯಾವ ಸುತ್ತಿಗೆ ಯಾವ ತಂತಿ ಎಂಬುದು ಎಲ್ಲ ಕಂಪನಿಗಳಲ್ಲೂ ಒಂದೇ ಅಲ್ಲ. ಚಿತ್ರ ಬಾರದೆ ಸ್ಪೀಕರಿನಲ್ಲಿ ಗುಯ್ ಎಂಬ ಸದ್ದು ಬಂದರೆ ಹಳದಿ ಪ್ಲಗ್ಗನ್ನು ಕೆಂಪಿನ ಜಾಗಕ್ಕೆ, ಬಿಳಿಯ ಜಾಗಕ್ಕೆ ಬದಲಿಸಿ ನೋಡಿ. ಎಷ್ಟೋ ಸಲ ಅಷ್ಟರಲ್ಲೇ ಸರಿಹೋಗುತ್ತದೆ.

ಎಚ್‌ಡಿಎಂಐಗೆ ಹಾಕುವ ಅಗ್ಗದ ಪುಟ್ಟ ಅಡಾಪ್ಟರುಗಳು ಚಿತ್ರವನ್ನು ಹಿಗ್ಗಿಸುವುದಿಲ್ಲ, 480ಐಯನ್ನು ಹಾಗೆಯೇ ದಾಟಿಸುತ್ತವೆ. ಕಂಪ್ಯೂಟರ್ ಮಾನಿಟರುಗಳು ಅದನ್ನು ಸಾಮಾನ್ಯವಾಗಿ ಒಪ್ಪದೆ ಪರದೆ ಕಪ್ಪಗೇ ಉಳಿಯುತ್ತದೆ. ಟಿವಿ ಒಪ್ಪಿದರೂ ಹಳೆಯ ಪ್ಲೇಸ್ಟೇಷನ್‌ನ 240ಪಿ ಆಟ ಹಾಕಿದಾಗ ಚಿತ್ರ ಹೋಗಬಹುದು. ಈ ಅಡಾಪ್ಟರ್ ಹಾಕುವ ಮೊದಲು ಸಾದಾ ಎವಿ ಕೇಬಲಿನಲ್ಲಿ ಕನ್ಸೋಲ್ ಹಚ್ಚಿ, ಸಿಸ್ಟಮ್ ಕಾನ್ಫಿಗರೇಷನ್‌ನಲ್ಲಿ ಕಾಂಪೊನೆಂಟ್ ವಿಡಿಯೊ ಔಟ್ ಎಂಬುದನ್ನು ಆರ್‌ಜಿಬಿಯಿಂದ ವೈ-ಪಿಬಿ-ಪಿಆರ್‌ಗೆ ಬದಲಿಸಿ. ಅದನ್ನು ಬಿಟ್ಟರೆ ಬಣ್ಣವೆಲ್ಲ ಹಸಿರು, ನೇರಳೆ ಆಗಿ ಕಾಣುತ್ತದೆ, ಅಡಾಪ್ಟರ್ ಕೆಟ್ಟಿದೆ ಎಂದುಕೊಂಡು ವಾಪಸು ಕಳಿಸುವವರು ಬಹಳ ಜನ. ನಿಜಕ್ಕೂ ಒಳ್ಳೆಯ ಚಿತ್ರ ಬೇಕಾದರೆ ಕಾಂಪೊನೆಂಟ್ ಕೇಬಲ್ ಮತ್ತು ರೆಟ್ರೊಟಿಂಕ್ ಅಥವಾ ಒಎಸ್‌ಎಸ್‌ಸಿಯಂಥ, ಚಿತ್ರ ಹಿಗ್ಗಿಸುವ ಸ್ಕೇಲರ್ ಬೇಕು. ರೆಟ್ರೊಟಿಂಕ್ 5ಎಕ್ಸ್‌ನಂಥದ್ದು ಕನ್ಸೋಲಿಗಿಂತ ದುಬಾರಿ, ಆದ್ದರಿಂದ ಬಜೆಟ್ ಹಾಕುವಾಗ ಅದನ್ನೂ ಸೇರಿಸಿಯೇ ಹಾಕಿ.

ಕಂಪ್ಯೂಟರ್ ಸಾಲದೆ?

ಎಷ್ಟೋ ಜನರಿಗೆ ಸಾಕು. ಡಿಸ್ಕೂ ಇಲ್ಲ, ಡಬ್ಬಾ ಟಿವಿಯೂ ಇಲ್ಲ, ಎರಡು ಮೂರು ಹಳೆಯ ಆಟ ಆಡಿದರಾಯಿತು ಎನ್ನುವವರು ಕನ್ಸೋಲಿಗೆ ಹಣ ಹಾಕಬೇಡಿ. ಸಾಧಾರಣ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರಿನಲ್ಲಿ ಪಿಸಿಎಸ್‌ಎಕ್ಸ್2 ಎಮ್ಯುಲೇಟರ್ (ಪಿಎಸ್2ನ್ನು ಅನುಕರಿಸುವ ತಂತ್ರಾಂಶ) ಚಿತ್ರವನ್ನು ಮೂಲಕ್ಕಿಂತ ಎಷ್ಟೋ ಸ್ಪಷ್ಟವಾಗಿ ತೋರಿಸುತ್ತದೆ. ಅದಕ್ಕೆ ಬೇಕಾದ ಬಯಾಸ್ ಫೈಲನ್ನು, ಅಂದರೆ ಯಂತ್ರದ ಮೂಲ ತಂತ್ರಾಂಶವನ್ನು, ಸ್ವಂತ ಕನ್ಸೋಲಿನಿಂದಲೇ ತೆಗೆದುಕೊಳ್ಳಬೇಕು, ಅಂದರೆ ಈ ದಾರಿಗೂ ಒಂದು ಪಿಎಸ್2 ಎಲ್ಲೋ ಇರಲೇಬೇಕಾಗುತ್ತದೆ. ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮಾತ್ರ ಪಿಎಸ್2ಗೆ ಸಾಲದು.

ಅಟ್ಟದ ಮೇಲೆ ಡಿಸ್ಕುಗಳಿದ್ದರೆ ಲೆಕ್ಕ ಬೇರೆ. ಭಾರತದಲ್ಲೇ ತಯಾರಾದ ಪಿಎಸ್2 ಆಟಗಳೂ ಇವೆ. ಹೈದರಾಬಾದಿನ ಅರೋನಾ ಟೆಕ್ನಾಲಜೀಸ್ ಮಾಡಿದ ‘ಹನುಮಾನ್: ಬಾಯ್ ವಾರಿಯರ್’ 2009ರದ್ದು. ಕಬಡ್ಡಿ, ಗಿಲ್ಲಿದಾಂಡು ಇರುವ ‘ದೇಸಿ ಅಡ್ಡಾ’ ಕೂಡ ಅದೇ ಕಾಲದ್ದು. ಇಂಥ ಡಿಸ್ಕು ಕೈಯಲ್ಲಿದ್ದವರು ಅದನ್ನು ಆಡಿಸುವ ಯಂತ್ರವನ್ನೂ ಕಾಪಾಡಿಕೊಳ್ಳುವುದು ಒಳ್ಳೆಯದು ಎಂದು ನಾನು ಮನಸಾರೆ ಹೇಳುತ್ತೇನೆ.

ಯಾವ ಮಾಡೆಲ್?

ಪಿಎಸ್2ರಲ್ಲಿ ಎರಡು ಬಗೆ: ಮೊದಲು ಬಂದ ದಪ್ಪದ್ದು, ಆಮೇಲೆ ಬಂದ ತೆಳು ಸ್ಲಿಮ್. ಯಂತ್ರದ ಹಿಂದೆ ಅಥವಾ ತಳದಲ್ಲಿ ಎಸ್‌ಸಿಪಿಎಚ್ ಎಂದು ಶುರುವಾಗುವ ಐದಂಕಿ ಸಂಖ್ಯೆ ಇರುತ್ತದೆ. ಕೊನೆಯ ಅಂಕಿ ಪ್ರದೇಶದ್ದು: 0 ಜಪಾನ್, 1 ಅಮೆರಿಕ, 4 ಯುರೋಪ್. ಇಲ್ಲಿ ಅಧಿಕೃತವಾಗಿ ಮಾರಿದ ಡಿಸ್ಕುಗಳು ಪಾಲ್, ಆದ್ದರಿಂದ ಪಾಲ್ ಯಂತ್ರವೇ ಹೊಂದುತ್ತದೆ. ಹೊರದೇಶದಲ್ಲಿರುವ ನೆಂಟರು ತಂದುಕೊಟ್ಟ ದಪ್ಪ ಮಾಡೆಲ್‌ಗೆ ವೋಲ್ಟೇಜ್ ನೋಡದೆ ಪ್ಲಗ್ ಹಾಕಬೇಡಿ. ಜಪಾನಿನದು 100 ವೋಲ್ಟ್, ಅಮೆರಿಕದ್ದು 120. ನಮ್ಮ 230 ವೋಲ್ಟ್ ತಾಗಿದರೆ ಪವರ್ ಸಪ್ಲೈ ಸುಟ್ಟಂತೆಯೇ.

ದಪ್ಪ ಮಾಡೆಲ್‌ಗಳಲ್ಲಿ ನಾನು ಆರಿಸುವುದು 50000 ಸರಣಿ. ಫ್ಯಾನಿನ ಸದ್ದು ಕಡಿಮೆ, ಹಿಂದೆ ಹಾರ್ಡ್ ಡಿಸ್ಕಿಗೆ ಜಾಗವಿದೆ. ಸ್ಲಿಮ್‌ಗಳಲ್ಲಿ 70000ದಿಂದ 79000ದವರೆಗಿನವಕ್ಕೆ ಹೊರಗಿನ 8.5 ವೋಲ್ಟ್ ಅಡಾಪ್ಟರ್ ಬೇಕು, ಆಂಪಿಯರ್ ಎಷ್ಟೆಂದು ಲೇಬಲ್ ನೋಡಿ, ಅದಕ್ಕಿಂತ ಕಡಿಮೆಯದನ್ನು ಹಾಕಬೇಡಿ. 90000 ಸರಣಿಯಲ್ಲಿ ಪವರ್ ಸಪ್ಲೈ ಒಳಗೇ ಇದೆ. 75000 ಮತ್ತು 77000 ಸರಣಿಯ ಬಗ್ಗೆ ಎಚ್ಚರ: ಲೆನ್ಸನ್ನು ಆಡಿಸುವ ಚಿಪ್ ಕೆಟ್ಟರೆ ಲೆನ್ಸಿನ ಸುರುಳಿಯನ್ನೇ ಸುಟ್ಟುಬಿಡುತ್ತದೆ. ಹೊಸ ಲೆನ್ಸ್ ಹಾಕಿದರೆ ಅದೂ ಸುಡುತ್ತದೆ. ಈ ಸರಣಿಯಲ್ಲಿ ‘ಲೆನ್ಸ್ ಹೋಗಿದೆ ಅಷ್ಟೇ, ಬದಲಿಸಿದರೆ ಸರಿ’ ಎಂದು ಅಗ್ಗಕ್ಕೆ ಕೊಡುವುದನ್ನು ನಾನು ತೆಗೆದುಕೊಳ್ಳುವುದಿಲ್ಲ.

ಕಾಪಿ ಡಿಸ್ಕು ಓಡಿಸಲೆಂದು ಚಿಪ್ ಹಾಕಿದ ಯಂತ್ರಗಳು ನಮ್ಮಲ್ಲಿ ಬಹಳ. ಚಿಪ್ ಇದ್ದ ಮಾತ್ರಕ್ಕೆ ಕೆಟ್ಟದ್ದಲ್ಲ, ಆದರೆ ಕೂದಲಿನಂಥ ತಂತಿಗಳನ್ನು ಅವಸರದಲ್ಲಿ ಬೆಸೆದಿರುತ್ತಾರೆ. ಕಾಪಿ ಡಿಸ್ಕುಗಳನ್ನು ವರ್ಷಗಟ್ಟಲೆ ಓದಿ ಲೆನ್ಸ್ ದಣಿದಿರುತ್ತದೆ. ಒಂದೇ ಬೆಲೆಗೆ ಎರಡು ಸಿಕ್ಕರೆ ಬಿಚ್ಚದೇ ಇರುವುದನ್ನು ಆರಿಸಿ.

ಅಂಗಡಿಯಲ್ಲಿ ಅರ್ಧ ಗಂಟೆ

ಚೀಲದಲ್ಲಿ ಒಯ್ಯುವುದು ಐದು: ತಳ ನೀಲಿ ಇರುವ ಒಂದು ಪಿಎಸ್2 ಡಿಸ್ಕು, ತಳ ಬೆಳ್ಳಿ ಇರುವ ಒಂದು, ಎರಡು ಪದರದ ಡಿವಿಡಿ ಒಂದು (ಗ್ರಾನ್ ಟುರಿಸ್ಮೊ 4 ಅಥವಾ ಗಾಡ್ ಆಫ್ ವಾರ್ 2), ತಳ ಕಪ್ಪಗಿರುವ ಹಳೆಯ ಪ್ಲೇಸ್ಟೇಷನ್ ಡಿಸ್ಕು ಒಂದು, ಮತ್ತು ಮೆಮೊರಿ ಕಾರ್ಡ್. ನೀಲಿ ಮತ್ತು ಕಪ್ಪು ಡಿಸ್ಕುಗಳು ಸಿಡಿ, ಬೆಳ್ಳಿಯವು ಡಿವಿಡಿ. ಸಿಡಿಗೂ ಡಿವಿಡಿಗೂ ಬೇರೆ ಬೇರೆ ಲೇಸರ್ ಬೆಳಕು ಬೇಕು, ಒಂದು ಓದಿ ಇನ್ನೊಂದು ಓದದಿರುವುದು ತೀರಾ ಸಾಮಾನ್ಯ. ಮಾರುವವರು ತೋರಿಸುವುದು ಓದುವ ಡಿಸ್ಕನ್ನೇ.

ಮೊದಲು ಡಿಸ್ಕಿಲ್ಲದೆ ಹಚ್ಚಿ. ಪ್ರತಿ ಸಲವೂ ಭಾಷೆ, ದಿನಾಂಕ ಕೇಳಿದರೆ ಒಳಗಿನ ಗಡಿಯಾರದ ಬ್ಯಾಟರಿ ಮುಗಿದಿದೆ, ಅದು ಸಣ್ಣ ಖರ್ಚು. ಆಮೇಲೆ ನೀಲಿ ಡಿಸ್ಕು ಹಾಕಿ ಕಿವಿ ಹತ್ತಿರ ತನ್ನಿ. ಆರೋಗ್ಯವಾಗಿದ್ದರೆ ಡಿಸ್ಕು ಸುಯ್ ಎಂದು ಏರಿ, ಲೆನ್ಸ್ ಒಂದೆರಡು ಸಲ ಮೆಲ್ಲಗೆ ಸರಿದು, ಲೋಗೊ ಬರುತ್ತದೆ. ಟಕ್ ಟಕ್ ಟಕ್ ಎಂದು ಒಂದೇ ಜಾಗದಲ್ಲಿ ಬಡಿದು, ಡಿಸ್ಕು ನಿಂತು, ಮತ್ತೆ ತಿರುಗಿದರೆ ಲೆನ್ಸ್ ಹಿಡಿತ ಕಳೆದುಕೊಂಡಿದೆ. ಪಿಎಸ್2 ಡಿಸ್ಕು ಹಾಕಿ ಎಂಬ ಕೆಂಪು ಪರದೆ ಬಂದರೂ ಅದೇ ಕಥೆ, ಇಲ್ಲವೇ ಡಿಸ್ಕು ಬೇರೆ ಪ್ರದೇಶದ್ದು. ಕೊನೆಗೆ ಎರಡು ಪದರದ ಡಿವಿಡಿ ಹಾಕಿ ಇಪ್ಪತ್ತು ನಿಮಿಷ ಆಡಿ. ದಣಿದ ಲೆನ್ಸ್ ತಣ್ಣಗಿದ್ದಾಗ ಓದಿ, ಬಿಸಿಯಾದ ಮೇಲೆ ಕೈಕೊಡುತ್ತದೆ. ಐದು ನಿಮಿಷದ ಪರೀಕ್ಷೆಯಲ್ಲಿ ಇದು ಸಿಕ್ಕಿಬೀಳುವುದಿಲ್ಲ.

ಸ್ಲಿಮ್ ಆದರೆ ಡಿಸ್ಕನ್ನು ತೆಗೆದು ತಳ ನೋಡಿ. ಹೊಸದಾಗಿ ವೃತ್ತಾಕಾರದ ಗೀರು ಬಿದ್ದಿದ್ದರೆ ಲೆನ್ಸಿನ ರಿಬ್ಬನ್ ಕೇಬಲ್ ಮೇಲೆದ್ದು ತಾಗುತ್ತಿದೆ. ಇದಕ್ಕಾಗಿಯೇ ಮೊದಲ ಪರೀಕ್ಷೆಗೆ ಇಷ್ಟದ ಡಿಸ್ಕನ್ನು ಹಾಕಬೇಡಿ.

ಕಂಟ್ರೋಲರ್‌ಗಳಲ್ಲಿ ಡುಪ್ಲಿಕೇಟ್ ತುಂಬಿವೆ. ಅಸಲಿ ಡುಯಲ್‌ಶಾಕ್ 2ರ ಗುಂಡಿಗಳು ಎಷ್ಟು ಒತ್ತಿದಿರಿ ಎಂಬುದನ್ನೂ ಅಳೆಯುತ್ತವೆ. ಗ್ರಾನ್ ಟುರಿಸ್ಮೊದಲ್ಲಿ ಎಕ್ಸ್ ಗುಂಡಿಯನ್ನು ಮೆಲ್ಲಗೆ ಒತ್ತಿ: ವೇಗ ಸ್ವಲ್ಪವೇ ಏರಿದರೆ ಅಸಲಿ, ಒಮ್ಮೆಲೇ ಪೂರ್ತಿ ಏರಿದರೆ ಡುಪ್ಲಿಕೇಟ್. ಅಸಲಿಯಲ್ಲಿ ಗುಂಡಿ ಸರಿಯಾಗಿ ಕೆಲಸ ಮಾಡದಿದ್ದರೆ ಒಳಗಿನ ತೆಳು ಹಾಳೆಯ ಅಡಿಯ ಸ್ಪಂಜು ಸವೆದಿರುತ್ತದೆ. ಅದರ ಮೇಲೆ ಒಂದೆರಡು ಪದರ ಇನ್ಸುಲೇಷನ್ ಟೇಪ್ ಹಾಕಿದರೆ ಸರಿಯಾಗುತ್ತದೆ. ಮೆಮೊರಿ ಕಾರ್ಡ್ ಅಸಲಿ 8 ಎಂಬಿಯದ್ದೇ ಇರಲಿ. ದೊಡ್ಡ ಗಾತ್ರ ಬರೆದ ಅಗ್ಗದ ಕಾರ್ಡುಗಳು ತಿಂಗಳುಗಟ್ಟಲೆ ಆಡಿ ಉಳಿಸಿದ್ದನ್ನು ಒಂದೇ ದಿನ ನುಂಗಿಹಾಕುತ್ತವೆ.

ಲೆನ್ಸ್ ಕೆಲಸ

ಓದಲು ತಡವರಿಸುವ ಯಂತ್ರಕ್ಕೆ ಮೊದಲು ಸ್ವಚ್ಛತೆ. ಸ್ಲಿಮ್‌ನಲ್ಲಿ ಮುಚ್ಚಳ ತೆರೆದರೆ ಲೆನ್ಸ್ ಎದುರಿಗೇ ಇದೆ. ದಪ್ಪ ಮಾಡೆಲ್‌ನಲ್ಲಿ ತಳದ ಚೌಕ ಮುಚ್ಚಳಗಳ ಅಡಿಯ ಸ್ಕ್ರೂ ಬಿಚ್ಚಿ, ಮೇಲ್ಕವಚ ಎತ್ತಿ, ಡ್ರೈವಿನ ಮೇಲಿನ ನಾಲ್ಕು ಸ್ಕ್ರೂ ತೆಗೆಯಬೇಕು. 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಹತ್ತಿಕಡ್ಡಿಯ ತುದಿ ಒದ್ದೆ ಮಾಡಿ ಒಂದೇ ಸುತ್ತು, ಭಾರ ಹಾಕದೆ. ಲೆನ್ಸ್ ನೂಲಿನಂಥ ತಂತಿಗಳ ಮೇಲೆ ತೂಗುತ್ತಿರುತ್ತದೆ, ಒತ್ತಿದರೆ ವಾಲಿಬಿಡುತ್ತದೆ. ಸ್ಯಾನಿಟೈಸರ್ ಬೇಡ, ಅದರ ನೀರು ಮತ್ತು ಅಂಟು ಲೆನ್ಸಿನ ಮೇಲೆ ಉಳಿಯುತ್ತದೆ. ಲೆನ್ಸ್ ಸರಿಯುವ ಕಂಬಿಯ ಹಳೆಯ ಗ್ರೀಸನ್ನು ಒರೆಸಿ, ಬಿಳಿ ಲಿಥಿಯಂ ಗ್ರೀಸ್ ಸಾಸಿವೆ ಕಾಳಿನಷ್ಟು ಹಚ್ಚಿ. ಬೆಂಗಳೂರಿನವರಿಗೆ ಈ ಸಾಮಾನೆಲ್ಲ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ.

ದಪ್ಪ ಮಾಡೆಲ್‌ನಲ್ಲಿ ಲೆನ್ಸಿನ ಪಕ್ಕ ಒಂದು ಬಿಳಿ ಹಲ್ಲುಚಕ್ರವಿದೆ, ಲೆನ್ಸಿನ ಎತ್ತರವನ್ನು ಹೊಂದಿಸುವುದು ಅದೇ. ತಿರುಗಿಸುವ ಮೊದಲು ಮಾರ್ಕರಿನಿಂದ ಗುರುತು ಹಾಕಿ, ಒಂದು ಸಲಕ್ಕೆ ಒಂದೇ ಹಲ್ಲು. ಗುರುತಿಲ್ಲದೆ ತಿರುಗಿಸಿದವರು ಮೂಲ ಜಾಗ ಕಳೆದುಕೊಂಡು, ಓದುತ್ತಿದ್ದ ಡಿಸ್ಕನ್ನೂ ಓದದಂತೆ ಮಾಡಿಕೊಳ್ಳುತ್ತಾರೆ.

ಅದಕ್ಕೂ ಬಗ್ಗದಿದ್ದರೆ ಹೊಸ ಲೆನ್ಸ್. 50000ದವರೆಗಿನ ಬಹುತೇಕ ದಪ್ಪ ಮಾಡೆಲ್‌ಗಳಿಗೆ ಕೆಎಚ್‌ಎಸ್-400ಸಿ, ಹಲವು ಸ್ಲಿಮ್‌ಗಳಿಗೆ ಪಿವಿಆರ್-802ಡಬ್ಲ್ಯು. ಹೊಸ ಲೆನ್ಸಿನ ಪುಟ್ಟ ಬೋರ್ಡಿನ ಮೇಲೆ ಎರಡು ಬಿಂದುಗಳನ್ನು ಕೂಡಿಸಿದ ಒಂದು ಬೆಸುಗೆ ಹನಿ ಇರುತ್ತದೆ. ಬೆರಳಿನ ಸ್ಥಿರ ವಿದ್ಯುತ್ತಿನಿಂದ ಲೇಸರ್ ಸಾಯದಿರಲೆಂದು ಕಾರ್ಖಾನೆಯಲ್ಲೇ ಹಾಕಿದ್ದು ಅದು. ರಿಬ್ಬನ್ ಕೇಬಲ್ ಸಿಕ್ಕಿಸಿದ ಮೇಲೆ ಆ ಹನಿಯನ್ನು ಬೆಸುಗೆ ಕಡ್ಡಿಯ ಬಿಸಿ ತುದಿ ತಾಗಿಸಿ ತೆಗೆಯಬೇಕು. ಮರೆತರೆ ಹೊಚ್ಚಹೊಸ ಲೆನ್ಸ್ ಒಂದೂ ಡಿಸ್ಕು ಓದುವುದಿಲ್ಲ, ತೆಗೆದು ಎಸೆಯುವ ಮುನ್ನ ಅದನ್ನೊಮ್ಮೆ ನೋಡಿ.

ಸ್ವಂತ ಡಿಸ್ಕಿನ ಪ್ರತಿ ಮಾಡಿಟ್ಟು ಲೆನ್ಸಿಗೆ ಬಿಡುವು ಕೊಡಬೇಕೆಂದರೆ ಫ್ರೀ ಮ್ಯಾಕ್‌ಬೂಟ್ ಎಂಬ ತಂತ್ರಾಂಶ ಹಾಕಿದ ಮೆಮೊರಿ ಕಾರ್ಡ್ ದಾರಿ. ಇದು 90000 ಸರಣಿಯ ಕೊನೆಯ ಯಂತ್ರಗಳಲ್ಲಿ ನಡೆಯುವುದಿಲ್ಲ: ಲೇಬಲಿನ ದಿನಾಂಕ ಗುರುತು 8ಡಿ ಅಥವಾ ನಂತರದ್ದಾದರೆ ಬಿಟ್ಟುಬಿಡಿ, 8ಸಿಯಲ್ಲಿ ಎರಡೂ ಬಗೆ ಇವೆ. ಮುಂದಿನ ಯುಎಸ್‌ಬಿ ತೂತು 1.1 ವೇಗದ್ದು, ಅದರಿಂದ ಆಡಿದರೆ ನಡುವಿನ ವಿಡಿಯೊಗಳು ತುಂಡುತುಂಡಾಗಿ ಬರುತ್ತವೆ. ಸ್ಲಿಮ್‌ನಲ್ಲಿ ನೆಟ್‌ವರ್ಕ್ ಕೇಬಲ್, ದಪ್ಪದರಲ್ಲಿ ನೆಟ್‌ವರ್ಕ್ ಅಡಾಪ್ಟರಿನ ಜೊತೆ ಹಾರ್ಡ್ ಡಿಸ್ಕು ಎಷ್ಟೋ ವಾಸಿ.

ಕರಾವಳಿ, ಮಲೆನಾಡಿನವರಿಗೆ ಇನ್ನೊಂದು ಮಾತು. ಮಳೆಗಾಲದ ತೇವಕ್ಕೆ ಒಳಗಿನ ತಗಡು ತುಕ್ಕು ಹಿಡಿಯುತ್ತದೆ, ಡಿಸ್ಕಿನ ಮೇಲೆ ಬೂಷ್ಟು ಕೂರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಅರ್ಧ ಗಂಟೆ ಯಂತ್ರ ಹಚ್ಚಿಡಿ, ಡಿಸ್ಕುಗಳನ್ನು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಬೂಷ್ಟು ಬಂದಿದ್ದರೆ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತಾಗಿ ಬೇಡ.